ಎಣ್ಣೆಸ್ನಾನಕ್ಕೆ ಎಕ್ಸ್‌ಟ್ರಾ

ನನ್ನ ಗಂಡ ಕುಮಾರೇಶ್‌ಗೆ ಫ್ಯಾಕ್ಟರಿಯಲ್ಲಿ ಒಂದು ಬಹುಮಾನ ಬಂತು. ವರ್ಷವಿಡೀ ಇವರ ಲೈನಿನಿಂದ ಹೊರಬಿದ್ದ ಒಂದೇ ಒಂದು ಪೀಸೂ ರಿಜೆಕ್ಟ್ ಆಗಿ ವಾಪಸು ಬರಲಿಲ್ಲವಂತೆ. ಅದಕ್ಕೆ ಕಂಪನಿಯವರು ಶಾಲು ಹೊದಿಸಿ, ಫೋಟೋ ಹೊಡೆದು, ಡೆಂಕಣಿಕೋಟೆ ಕಡೆಯ ಒಂದು ತೋಟದ ಕಾಟೇಜಿನಲ್ಲಿ ಎರಡು ದಿನ ಇರುವುದಕ್ಕೆ ಕೂಪನ್ ಕೊಟ್ಟರು. ನಾಲ್ಕು ಜನಕ್ಕೆ ಊಟ, ತಿಂಡಿ, ಕಾಫಿ ಎಲ್ಲ ಸೇರಿ. ಜನವರಿ ಇಪ್ಪತ್ತಾರು ಸೋಮವಾರ ಬಿದ್ದಿದ್ದರಿಂದ ಶನಿವಾರ ಹೋಗಿ ಸೋಮವಾರ ಬರುವುದೆಂದು ಗೊತ್ತಾಯಿತು.

ಕೂಪನ್ನಿನ ಹಿಂದೆ ಅಲ್ಲಿ ಏನೇನು ಉಂಟು ಅಂತ ಒಂದು ಪಟ್ಟಿ ಇತ್ತು. ನಮ್ಮ ಮಗಳು ದಿವ್ಯ ಗಟ್ಟಿಯಾಗಿ ಓದಿದಳು. ಹಸುವಿನ ಹಾಲು ಕರೆಯುವ ಅನುಭವ. ರಾಗಿ ಬೀಸುವ ಅನುಭವ. ಸೌದೆ ಒಲೆಯ ಅಡುಗೆ. ಎತ್ತಿನ ಗಾಡಿ ಸವಾರಿ. ಕೊನೆಯಲ್ಲಿ ಹಳೇ ಕಾಲದ ಎಣ್ಣೆಸ್ನಾನ, ಅದಕ್ಕೆ ಮಾತ್ರ ಎಕ್ಸ್‌ಟ್ರಾ. ನಾವಿರುವುದು ತಮಿಳು ಗಡಿಯ ತೊರಪಲ್ಲಿ ಅಗ್ರಹಾರದ ಪಕ್ಕದ ಹಳ್ಳಿ. ಮನೆಯಲ್ಲಿ ಎರಡು ಸೀಮೆಹಸು, ಅರ್ಧ ಎಕರೆ ಗುಲಾಬಿ ಇದೆ. ಹಾಲು ಕರೆಯುವ ಅನುಭವ ನನಗೆ ದಿನಾ ಬೆಳಗಾಗುವ ಮೊದಲೇ ಪುಕ್ಕಟೆಯಾಗಿ ಆಗುತ್ತದೆ.

ಆದರೂ ಹೊರಡಲು ನಾನೇ ತುದಿಗಾಲಲ್ಲಿ ನಿಂತಿದ್ದೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನಾನು ಒಲೆ ಹಚ್ಚದೆ ಇದ್ದದ್ದು ಹೆರಿಗೆ ಆಸ್ಪತ್ರೆಯ ಮೂರು ದಿನ ಮಾತ್ರ. ಈಗ ಎರಡು ದಿನ ಇನ್ನಾರೋ ಬೇಯಿಸುತ್ತಾರೆ, ಇನ್ನಾರೋ ಬಡಿಸುತ್ತಾರೆ, ರಾಧಾಮಣಿ ಅನ್ನುವವಳು ಕಾಲು ಚಾಚಿ ಕೂತು ತಿನ್ನುತ್ತಾಳೆ. ಅದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ.

ಮಾವ ಹಸು ನೋಡಿಕೊಳ್ಳುತ್ತೇನೆಂದು ಮನೆಯಲ್ಲೇ ಉಳಿದರು. ಅತ್ತೆ ಅಂಜಿನಮ್ಮ ಮಾತ್ರ ಗೊಣಗಿಕೊಂಡೇ ಹೊರಟರು. "ತ್ವಾಟ ಇರೋರು ತ್ವಾಟ ನೋಡಕ್ಕೆ ಹೋಗೋದಾ? ಕಂಪ್ನಿಯೋರಿಗೆ ಬುದ್ಧಿ ಬ್ಯಾಡ್ವಾ?" ಅಂದರು. ಅಂದವರು ಸುಮ್ಮನೆ ಕಾರು ಹತ್ತಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಬದುವಿನ ಅವರೆಕಾಯಿ ಒಂದು ಚೀಲ ಕಿತ್ತು ಡಿಕ್ಕಿಗೆ ಹಾಕಿಸಿದರು. ಯಾರಿಗೆ ಕೊಡುತ್ತೀರಿ ಎಂದು ಕೇಳಿದ್ದಕ್ಕೆ, "ಯಾರೋ ಒಬ್ರು ಇರ್ತಾರಲ್ಲ" ಅಂದರು.

ಕೆಲಮಂಗಲ ದಾಟುವಾಗ ಅತ್ತೆ ಮಾತು ನಿಲ್ಲಿಸಿ ಕಿಟಕಿಯ ಆಚೆ ಮುಖ ಮಾಡಿದರು. ಆ ರಸ್ತೆಯಲ್ಲಿ ಹೋದಾಗಲೆಲ್ಲ ಹಾಗೇ. ಅವರ ತಂಗಿಯನ್ನು ಕೊಟ್ಟ ಊರು ಆ ಕಡೆಗೇ ಇದೆ. ಡೆಂಕಣಿಕೋಟೆ ಕಳೆದು, ಕಾಡಿನ ಅಂಚಿಗೆ ನಾಲ್ಕು ಕಿಲೋಮೀಟರ್ ಮಣ್ಣಿನ ದಾರಿ. ಫೋನಿನ ಮ್ಯಾಪು ಎರಡು ಸಲ ದಾರಿ ತಪ್ಪಿಸಿದ ಮೇಲೆ ತೋಟದ ಗೇಟು ಸಿಕ್ಕಿತು.

ಮೂರು ಕಾಟೇಜುಗಳು. ಹೊಸ ಗೋಡೆಗೆ ಸಗಣಿ ಬಣ್ಣದ ಪೇಂಟು ಬಳಿದು ಹಳೆಯದು ಮಾಡಿದ್ದರು. ಕಾಟೇಜಿನ ಹೆಸರು ಬರೆದ ಟೋಪಿ ಹಾಕಿಕೊಂಡ ಒಬ್ಬ ವಯಸ್ಸಾದ ಮನುಷ್ಯ "ವಾಂಗ ವಾಂಗ" ಎಂದು ತಮಿಳಿನಲ್ಲಿ ಕರೆಯುತ್ತಾ ಬಂದ. ಅವನ ಹಿಂದೆ ಒಬ್ಬ ಹೆಂಗಸು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು. ಬೆಂಗಳೂರಿನಲ್ಲಿರುವ ಓನರಿನ ಕಟ್ಟಪ್ಪಣೆಯಂತೆ, ಬಂದ ಗೆಸ್ಟಿಗೆಲ್ಲ ಕುಂಕುಮವಿಟ್ಟೇ ಒಳಗೆ ಕರೆಯಬೇಕು.

ದಿವ್ಯಳ ಹಣೆಗಿಟ್ಟಳು. ನನ್ನ ಹಣೆಗಿಟ್ಟಳು. ನಮ್ಮವರು ಯಾಕೋ ಡಿಕ್ಕಿಯೊಳಗೆ ತಲೆ ತೂರಿಸಿ ಬ್ಯಾಗು ಹುಡುಕುತ್ತಿದ್ದರು. ಆಮೇಲೆ ತಟ್ಟೆ ಅತ್ತೆಯ ಮುಂದೆ ಬಂದು ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನೂ ನೋಡಿದೆ, ಅದೇ ಮೂಗು, ಅದೇ ಏಳು ಕಲ್ಲಿನ ಮೂಗುತಿ. ಆ ಹೆಂಗಸು ತಟ್ಟೆಯನ್ನು ಟೋಪಿಯವನ ಕೈಗೆ ತುರುಕಿ, "ನೀನೇ ಇಡು, ಒಲೆ ಮ್ಯಾಲೆ ಸಾರೈತೆ" ಎಂದು ಒಳಗೆ ಹೋಗಿಬಿಟ್ಟಳು. ಗಂಡಸು ಹೇಗೆ ಕುಂಕುಮ ಇಡುತ್ತಾನೆ? ಅವನು ಪಾಪ ತಟ್ಟೆ ಹಿಡಿದು ಗರಬಡಿದವನ ಹಾಗೆ ನಿಂತಿದ್ದ. ಕೊನೆಗೆ ಅತ್ತೆಯೇ ಬೆರಳು ಅದ್ದಿ ತಮ್ಮ ಹಣೆಗೆ ತಾವೇ ಇಟ್ಟುಕೊಂಡರು.

ಆಕೆ ಕನಕಮ್ಮ, ಅತ್ತೆಯ ಒಡಹುಟ್ಟಿದ ತಂಗಿ. ಅವನು ಆಕೆಯ ಗಂಡ ಗೋಪಾಲಪ್ಪ. ಯಾರೋ ಬೆಂಗಳೂರಿನವರ ತೋಟದಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದಾರೆ ಎಂದು ಸುದ್ದಿ ಇತ್ತು. ಯಾವ ತೋಟವೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅಕ್ಕತಂಗಿ ಮಾತು ಬಿಟ್ಟು ಹನ್ನೆರಡು ವರ್ಷ. ಕಾರಣ ನನ್ನ ಮದುವೆ. ನಮ್ಮ ಕಡೆ ರಕ್ತಸಂಬಂಧದವರನ್ನು ಮದುವೆಗೆ ಕರೆಯಬೇಕೆಂದರೆ ಮನೆಗೇ ಹೋಗಬೇಕು. ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ, ಕಾರ್ಡು ಇಟ್ಟು ಕೈಗೆ ಕೊಟ್ಟು "ಬರಬೇಕು" ಅನ್ನಬೇಕು. ಬರಿಯ ಕಾರ್ಡು ಕಳಿಸುವುದು ಊರಾಚೆಯವರಿಗೆ. ಆಗ ಅತ್ತೆಗೆ ಚಿಕುನ್‌ಗುನ್ಯಾ ಬಂದು ಕಾಲು ಊರಲಾಗುತ್ತಿರಲಿಲ್ಲ. ಮದುಮಗನೇ ಹೋದರೆ ಇನ್ನೂ ಹೆಚ್ಚಿನ ಮರ್ಯಾದೆ ಎಂದು ಮಗನನ್ನೇ ತಟ್ಟೆ ಕೊಟ್ಟು ತಂಗಿಯ ಮನೆಗೆ ಕಳಿಸಿದರು. ಮಗ ಹೋಗಿಬಂದು "ಕರೆದೆ" ಅಂದರು. ತಂಗಿ ಬರಲಿಲ್ಲ. ಮದುವೆಯ ಹಿಂದಿನ ದಿನ ಗಂಡಿನ ತಲೆಗೆ ಎಣ್ಣೆ ಇಡುವ ಶಾಸ್ತ್ರಕ್ಕೆ ತಾಯಿಯ ಜೊತೆ ತಾಯಿಯ ತಂಗಿ ಕೈ ಹಾಕಬೇಕು. ಹರಳೆಣ್ಣೆ ಬಟ್ಟಲು ಇಟ್ಟುಕೊಂಡು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕಾದರಂತೆ. ಕೊನೆಗೆ ಪಕ್ಕದ ಮನೆ ಶ್ಯಾಮಲಮ್ಮನನ್ನು ಕೂರಿಸಿ ಮುಗಿಸಿದರಂತೆ. ಇನ್ನು ತಂಗಿಯ ಮನೆಯ ನೀರು ಮುಟ್ಟಿದರೆ ತನ್ನ ಹೆಸರು ಅಂಜಿನಮ್ಮನೇ ಅಲ್ಲ ಎಂದು ಅತ್ತೆ ಚಪ್ಪರದಲ್ಲೇ ಹೇಳಿದ್ದರು.

ಆರು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡಾಗ ನಾನೂ ಹೋಗಿದ್ದೆ. ಹೆಣದ ತಲೆಯ ಹತ್ತಿರ ಒಬ್ಬರು, ಕಾಲಿನ ಹತ್ತಿರ ಒಬ್ಬರು ಕೂತು ಬೇರೆ ಬೇರೆ ಅತ್ತರು. ಇರುವುದು ಇಬ್ಬರೇ ಮಕ್ಕಳು.

ಈಗ ಕಾರಿನ ಪಕ್ಕ ನಿಂತು ನಮ್ಮವರು, "ನಡೀರಿ, ವಾಪಸ್ ಹೋಗಣ. ಅಮ್ಮಂಗೆ ಇಲ್ಲಿ ಸರಿ ಹೋಗಲ್ಲ" ಅಂದರು.

ಈ ಮನುಷ್ಯ ಬಿಟ್ಟಿ ಸಿಕ್ಕಿದ ಕ್ಯಾಲೆಂಡರನ್ನೂ ಬಿಡುವವರಲ್ಲ. ಎರಡು ದಿನದ ಕೂಪನ್ನನ್ನು ಇಷ್ಟು ಸಲೀಸಾಗಿ ಬಿಡುತ್ತಾರೆಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ನನಗೆ ಬಂದದ್ದು ಕೋಪ.

"ನಾನು ಬರಲ್ಲ. ಬೇಕಾದ್ರೆ ನೀವು ಮೂರು ಜನ ಹೋಗಿ. ನಾನು ಸೋಮವಾರ ಬಸ್ಸಲ್ಲಿ ಬತ್ತೀನಿ" ಅಂದೆ.

ಅತ್ತೆ ಜಗಲಿಯ ಮೇಲೆ ಕೂತುಬಿಟ್ಟರು. "ಇರಣ ಬಿಡು. ಓಡಿಹೋದ್ರೆ ನಾನೇ ಹೆದರ್ಕೊಂಡಂಗೆ ಆಯ್ತದೆ. ಊಟ ಮಾತ್ರ ನಾ ಮಾಡಲ್ಲ."

ಮಧ್ಯಾಹ್ನ ರಾಗಿಮುದ್ದೆ, ಹಿತಕಿದ ಬೇಳೆ ಸಾರು ಬಂತು. ವಾಸನೆಗೇ ಅರ್ಧ ಹೊಟ್ಟೆ ತುಂಬುವಂಥ ಸಾರು. ಅತ್ತೆ ತಟ್ಟೆ ದೂರ ತಳ್ಳಿದರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವ ಹೆಂಗಸು ಉಪವಾಸ ಕೂತರೆ ಆಮೇಲೆ ಆಸ್ಪತ್ರೆಗೆ ಓಡುವವಳು ನಾನು.

"ಅತ್ತೆ, ರಾಗಿ ಯಾರ್ದು? ಓನರ್ದು. ಸೌದೆ ಯಾರ್ದು? ಓನರ್ದು. ಕೂಪನ್ ಕಂಪನಿದು. ಮಾಡಿದೋರಿಗೆ ತಿಂಗ್ಳಾದ್ರೆ ಸಂಬಳ ಬತ್ತದೆ. ಇದು ಅವರ ಮನೆ ಊಟ ಹೆಂಗಾಯ್ತದೆ? ಹೋಟ್ಲು ಇದ್ದಂಗೆ" ಅಂದೆ.

ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. "ಹೋಟ್ಲು ಅಂದ್ರೆ ಸರಿ" ಎಂದು ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಎರಡು ತುತ್ತು ನುಂಗಿ ದಿವ್ಯಳಿಗೆ, "ಹೋಟ್ಲೋರಿಗೆ ಹೇಳು, ಸಾರಿಗೆ ಉಪ್ಪು ಸಾಲ್ದು ಅಂತ" ಅಂದರು.

ದಿವ್ಯ ಏಳುವುದಕ್ಕೆ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು. "ಗೆಸ್ಟಿಗೆ ಹೇಳವ್ವ, ಬೀಪಿ ಇರೋರಿಗೆ ಅಷ್ಟೇ ಉಪ್ಪು ಹಾಕೋದು ಅಂತ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಬೀಪಿ ಬಂದದ್ದು ಹೋದ ದೀಪಾವಳಿಯಲ್ಲಿ. ನಮ್ಮ ಮನೆಯವರು ಬಿಟ್ಟರೆ ಶ್ಯಾಮಲಮ್ಮನಿಗೆ ಮಾತ್ರ ಗೊತ್ತು. ಅಂದರೆ ಈ ಹೆಂಗಸು ಇಷ್ಟು ದೂರದಲ್ಲಿದ್ದುಕೊಂಡು ಅಕ್ಕನ ಸುದ್ದಿಯನ್ನು ಯಾರು ಯಾರನ್ನೋ ಕೇಳಿ ತಿಳಿದುಕೊಳ್ಳುತ್ತಿದ್ದಳು. ಅತ್ತೆ ಮತ್ತೆ ಉಪ್ಪಿನ ಮಾತೆತ್ತಲಿಲ್ಲ. ಸಾರನ್ನು ಎರಡು ಸಲ ಹಾಕಿಸಿಕೊಂಡರು.

ಅವತ್ತು ಸಾಯಂಕಾಲದವರೆಗೆ ನಾನು ಏನೂ ಮಾಡಲಿಲ್ಲ. ನಿಜವಾಗಿ ಏನೂ ಮಾಡಲಿಲ್ಲ. ಹಗ್ಗದ ಮಂಚದ ಮೇಲೆ ಬಿದ್ದುಕೊಂಡು, ಪಕ್ಕದ ಕಾಟೇಜಿಗೆ ಬಂದಿದ್ದ ಬೆಂಗಳೂರಿನ ದಂಪತಿ ಹಸುವಿನ ಕೆಚ್ಚಲಿಗೆ ಹೆದರಿ ಹೆದರಿ ಕೈ ಹಾಕುವುದನ್ನು ನೋಡಿದೆ. ಅರ್ಧ ಲೋಟ ಹಾಲು ಕರೆದು ಅವರಿಬ್ಬರೂ ಚಪ್ಪಾಳೆ ಹೊಡೆದುಕೊಂಡರು. ನನಗೂ ಯಾರಾದರೂ ದಿನಾ ಹಾಗೆ ಚಪ್ಪಾಳೆ ಹೊಡೆದಿದ್ದರೆ ಎಂದುಕೊಂಡೆ. ದಿವ್ಯ ಎತ್ತಿನ ಗಾಡಿಯಲ್ಲಿ ನಾಲ್ಕು ಸುತ್ತು ಬಂದಳು. ನಮ್ಮವರು ಮಾತ್ರ ಅಡುಗೆಮನೆ ಇರುವ ದಿಕ್ಕಿಗೆ ಬೆನ್ನು ಹಾಕಿ, ಕೃಷಿಹೊಂಡದ ದಂಡೆಯಲ್ಲಿ ಗೂಟ ಬಡಿದ ಹಾಗೆ ಕೂತಿದ್ದರು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ನನಗೆ ಕೈ ಕಡಿಯತೊಡಗಿತು. ಸುಮ್ಮನೆ ಕೂರುವುದನ್ನು ಯಾರೂ ನನಗೆ ಕಲಿಸಿಲ್ಲ. ಅಡುಗೆಮನೆಯ ಹಿಂದೆ ಕನಕಮ್ಮ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಒಂದೊಂದೇ ಕಾಳನ್ನು ಬೆರಳ ತುದಿಯಲ್ಲಿ ಒತ್ತಿ ಸಿಪ್ಪೆ ಬಿಡಿಸಿ ಬೇಳೆ ತೆಗೆಯಬೇಕು. ಒಬ್ಬರೇ ಕೂತರೆ ಮುಗಿಯುವ ಕೆಲಸವಲ್ಲ. ನಾನು ಡಿಕ್ಕಿಯಿಂದ ನಮ್ಮ ಅವರೆಕಾಯಿ ಚೀಲ ತಂದು ಪಕ್ಕಕ್ಕಿಟ್ಟು, ಕೇಳದೆಯೇ ಕೂತೆ.

ಅವಳು ಚೀಲದಿಂದ ಒಂದು ಕಾಯಿ ತೆಗೆದು ಮೂಸಿದಳು. "ಬದಿನ ಕಾಯಾ? ಸೊಗಡು ಚೆನ್ನಾಗೈತೆ."

"ಅತ್ತೆ ಕಿತ್ತಿದ್ದು, ಚಿಕ್ಕತ್ತೆ."

ಚಿಕ್ಕತ್ತೆ ಎಂದು ಕರೆಸಿಕೊಂಡದ್ದಕ್ಕೋ ಏನೋ ಅವಳ ಮುಖ ಸಡಿಲವಾಯಿತು. ಇಬ್ಬರೂ ಸೇರಿ ಒಂದು ಬೊಗಸೆ ಕಾಳು ಹಿತುಕಿ ಮುಗಿಸಿದೆವು. ಆಮೇಲೆ ಅವಳೇ ಶುರು ಮಾಡಿದಳು.

"ನಿನ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ ಕಣಮ್ಮ. ನೀನು ಆವಾಗ ಬಂದೋಳು. ಆದ್ರೆ ಒಂದು ಹೇಳು. ಒಡಹುಟ್ಟಿದೋಳಿಗೆ ಯಾರಾದ್ರೂ ಕಾರ್ಡ್ ಕೊಟ್ ಕಳಿಸ್ತಾರಾ? ಅದೂ ಸೈಕಲ್ ಅಂಗಡಿ ಭೈರೇಶನ ಕೈಲಿ?"

ನನಗೆ ಅರ್ಥವಾಗಲಿಲ್ಲ. "ಯಾವ ಕಾರ್ಡು?"

"ನಿನ್ನ ಮದುವೆ ಕಾರ್ಡು. ಮದುವೆ ಆಗಿ ನಾಕನೇ ದಿನಕ್ಕೆ ತಂದ್ ಕೊಟ್ಟ ಆ ಪುಣ್ಯಾತ್ಮ. ಬ್ಯಾಗಲ್ಲೇ ಮರ್ತಿದ್ನಂತೆ. ಎಲೆ ಒಣಗಿ ಪುಡಿಯಾಗಿತ್ತು. ಅಲ್ಲೀಗಂಟ ನಂಗೆ ಮದುವೆ ದಿನಾನೇ ಗೊತ್ತಿಲ್ಲ. ಮೂರು ದಿನ ಮೊದಲು ಕೊಟ್ಟಿದ್ರೂ ಅಷ್ಟೇ ಬಿಡು. ಅಂಚೆಯೋನು ತಂದ್ ಕೊಟ್ಟಂಗೆ ಕೊಟ್ರೆ ನಾನು ಯಾವ ಮುಖ ಇಟ್ಕಂಡು ಬರ್ಲಿ?"

"ಚಿಕ್ಕತ್ತೆ, ನಿಮ್ಮನ್ನ ಕರೆಯಕ್ಕೆ ಇವರೇ ನಿಮ್ಮ ಮನೆಗೆ ಬಂದಿದ್ರಲ್ಲ? ತಟ್ಟೆ ತಗಂಡು?"

"ಯಾರು, ಕುಮಾರೇಶನಾ? ನಮ್ಮನೇಗಾ?" ಕನಕಮ್ಮ ನನ್ನನ್ನೇ ನೋಡಿದಳು. "ಅವನು ನಮ್ಮನೆ ಹೊಸ್ತಿಲು ತುಳಿದು ಹದಿಮೂರು ವರ್ಷ ಆತು."

ಇಬ್ಬರೂ ಒಟ್ಟಿಗೆ ಹೊಂಡದ ಕಡೆ ನೋಡಿದೆವು. ವರ್ಷವಿಡೀ ಒಂದು ಪೀಸೂ ಹಾಳು ಮಾಡದ ಬಹುಮಾನದ ಗಂಡಸು ನೀರಿಗೆ ಕಲ್ಲು ಎಸೆಯುತ್ತಾ ಕೂತಿದ್ದರು.

ಒಂದು ಫೋನ್ ಮಾಡಿ ಕೇಳಬಾರದಿತ್ತೇ ಎಂದು ಯಾರಾದರೂ ಅನ್ನಬಹುದು. ಕರೆದರೂ ಬರದವಳನ್ನು ಯಾಕೆ ಬರಲಿಲ್ಲ ಎಂದು ಕೇಳುವುದು ಅಕ್ಕನಿಗೆ ಅವಮಾನ. ಕರೆಯದವರನ್ನು ಯಾಕೆ ಕರೆಯಲಿಲ್ಲ ಎಂದು ಕೇಳುವುದು ತಂಗಿಗೆ ಅದಕ್ಕಿಂತ ದೊಡ್ಡ ಅವಮಾನ. ನಮ್ಮ ಜನ ಹಸಿವನ್ನಾದರೂ ತಡೆದುಕೊಳ್ಳುತ್ತಾರೆ, ಇದನ್ನು ತಡೆದುಕೊಳ್ಳುವುದಿಲ್ಲ.

ನಾನು ಸೆರಗಿಗೆ ಕೈ ಒರೆಸಿಕೊಂಡು ಹೊಂಡದ ಹತ್ತಿರ ಹೋದೆ. ನನ್ನ ಮುಖ ನೋಡಿದ ಕೂಡಲೇ ಇವರಿಗೆ ತಿಳಿಯಿತು. ಎದ್ದು ನಿಂತರು.

"ಭೈರೇಶನ ಕೈಲಿ ಯಾಕೆ ಕೊಟ್ರಿ?"

"ಕೆಲಮಂಗಲದಲ್ಲಿ ಟೀ ಕುಡಿಯಕ್ಕೆ ನಿಲ್ಸಿದ್ದೆ. ಅಂಗಡಿಲಿ ಟಿವಿ ಇತ್ತು. ಮ್ಯಾಚ್ ಬತ್ತಿತ್ತು. ಅವನು ಅದೇ ಊರೋನು, ಹೋಗ್ತಾ ಕೊಟ್ಬುಡ್ತೀನಿ ಅಂದ."

"ಮ್ಯಾಚ್ ಗೆದ್ರಾ?"

"ಸೋತ್ರು."

ಕೈಗೆ ಸಿಕ್ಕಿದ್ದರೆ ಆ ಹೊಂಡಕ್ಕೇ ತಳ್ಳುತ್ತಿದ್ದೆ. "ಆಮೇಲಾದ್ರೂ ಹೇಳ್ಬೋದಿತ್ತಲ್ಲ?"

"ಚಿಕ್ಕವ್ವ ಹೆಂಗೂ ಬತ್ತಾಳೆ ಅನ್ಕಂಡೆ. ಬರ್ಲಿಲ್ಲ. ಚಪ್ಪರದಲ್ಲಿ ಅಮ್ಮ ಕೂಗಾಡ್ತಿತ್ತು, ಅಲ್ಲಿ ಹೆಂಗೆ ಹೇಳೋದು? ಮದುವೆ ಮುಗೀಲಿ ಅನ್ಕಂಡೆ. ಆಮೇಲೆ ಹಬ್ಬ ಮುಗೀಲಿ. ಆಮೇಲೆ ವರ್ಷ ಕಳೀತು. ತಡ ಆದಷ್ಟೂ ಕಷ್ಟ ಆಗ್ಬುಡ್ತು ರಾಧಾ." ತಲೆ ಎತ್ತದೆ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದರು. "ನಾಳೆ ಮಧ್ಯಾಹ್ನ ಹೆಂಗೂ ಹೋಗ್ತೀವಿ. ಬಿಟ್ಬುಡು."

ನಾನು ಬಿಡಲಿಲ್ಲ. "ಹತ್ತು ನಿಮಿಷ ಟೈಮ್ ಕೊಡ್ತೀನಿ. ನೀವು ಹೇಳ್ತೀರೋ, ನಾನು ಹೇಳ್ಲೋ?"

ಕಾಟೇಜಿನ ಜಗಲಿಯಲ್ಲಿ ನಿನ್ನೆಯ ಕುಂಕುಮದ ತಟ್ಟೆ ಇತ್ತು. ತೋಟದ ಬಳ್ಳಿಯಿಂದ ಐದು ವೀಳ್ಯದೆಲೆ ಕಿತ್ತು ಇಟ್ಟೆ. ಗೋಪಾಲಪ್ಪನ ಎಲೆಅಡಿಕೆ ಚೀಲದಿಂದ ಎರಡು ಅಡಿಕೆ ತೆಗೆದು ಇಟ್ಟೆ. ಕಾರ್ಡಿರಲಿಲ್ಲ, ಇರಲಿ. ತಟ್ಟೆಯನ್ನು ಇವರ ಕೈಗೆ ಕೊಟ್ಟು ಹೇಗೆ ಹೇಳಬೇಕೆಂದು ಹೇಳಿದೆ. ಕಾಟೇಜಿನಿಂದ, ಅಡುಗೆಮನೆಗೆ ಅಂಟಿಕೊಂಡೇ ಇದ್ದ ಕನಕಮ್ಮನ ಮನೆಬಾಗಿಲಿಗೆ ಮೂವತ್ತು ಹೆಜ್ಜೆ ಇರಬಹುದು. ಅದನ್ನು ನಡೆಯುವಷ್ಟರಲ್ಲಿ ಇವರ ಅಂಗಿ ಜನವರಿಯ ಚಳಿಯಲ್ಲೂ ಬೆನ್ನಿಗೆ ಅಂಟಿಕೊಂಡಿತ್ತು. ಜಗಲಿಯಲ್ಲಿ ಕೂತಿದ್ದ ಅತ್ತೆ ಏನಿದು ಎಂದು ಎದ್ದು ನಿಂತರು.

ಇವರು ಹೊಸ್ತಿಲು ದಾಟಿ ತಟ್ಟೆ ಮುಂದೆ ಹಿಡಿದರು.

"ಚಿಕ್ಕವ್ವ, ನನ್ನ ಮದುವೆಗೆ ಬರಬೇಕು. ಅಮ್ಮ ಕಳ್ಸಿತ್ತು. ನಿಂಗೆ ಕೈಗೇ ಕೊಡು ಅಂತ ತಟ್ಟೆ ಕೊಟ್ಟು ಕಳ್ಸಿತ್ತು. ನಾನು ಬರ್ಲಿಲ್ಲ. ಭೈರೇಶನ ಕೈಗೆ ಕೊಟ್ಬುಟ್ಟು, ಮನೆಗೋಗಿ ಕರೆದೆ ಅಂತ ಸುಳ್ಳು ಹೇಳ್ಬುಟ್ಟೆ. ಅಮ್ಮಂದೇನೂ ತಪ್ಪಿಲ್ಲ. ನಿಂದೂ ಇಲ್ಲ."

ದಿವ್ಯ ನನ್ನ ಪಕ್ಕ ಬಂದು, "ಅಪ್ಪಂಗೆ ಇನ್ನೊಂದ್ ಮದುವೆನಾ?" ಎಂದು ಪಿಸುಗುಟ್ಟಿದಳು. ಬಾಯಿ ಮುಚ್ಚು ಎಂದೆ.

ಕನಕಮ್ಮ ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ. ಅವಳು ನೋಡುತ್ತಿದ್ದದ್ದು ಇವರ ಹಿಂದೆ, ಅತ್ತೆಯನ್ನು. ಅತ್ತೆ ಜಗಲಿಯಿಂದ ಇಳಿದು ಅರ್ಧ ದಾರಿ ಬಂದಿದ್ದರು. ಅಲ್ಲೇ ನಿಂತು ಮಗನನ್ನು ಒಂದೇ ಒಂದು ಪ್ರಶ್ನೆ ಕೇಳಿದರು.

"ಅವ್ವ ಸತ್ತಾಗ ನಿಂಗೆ ಇದು ಗೊತ್ತಿತ್ತೇನ್ಲಾ?"

ಇವರು ಹೌದೆಂದು ತಲೆ ಆಡಿಸಿದರು.

"ಗೊತ್ತಿದ್ದೂ, ಅವಳು ಆ ಕಡೆ ನಾನು ಈ ಕಡೆ ಕೂತಿದ್ದು ನೋಡ್ಕಂಡು ಸುಮ್ನಿದ್ದೆ?"

ಅತ್ತೆ ತಿರುಗಿ ಹೋಗಿ ಕಾಟೇಜಿನ ಬಾಗಿಲು ಹಾಕಿಕೊಂಡರು. ಒಳಗಿಂದ ಚಿಲಕ ಬಿದ್ದ ಸದ್ದು ನಮಗೆಲ್ಲ ಕೇಳಿಸಿತು. ನನಗೆ ಅಳು ಬಂತು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಆ ಹೊತ್ತು ಯಾರಾದರೂ ಕೇಳಿದ್ದರೆ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಗೋಪಾಲಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಮೊದಲು ಅಲುಗಾಡಿದವಳು ಕನಕಮ್ಮ. ಇವರ ಕೈಯಿಂದ ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿ ಒಳಗಿಟ್ಟಳು. ಹೊರಗೆ ಬಂದು ಬಚ್ಚಲ ಒಲೆಗೆ ಎರಡು ಕೊರಡು ತುರುಕಿದಳು. ಗೋಡೆಯ ಗೂಡಿನಿಂದ ಹರಳೆಣ್ಣೆ ಸೀಸೆ ತೆಗೆದು ಹಿತ್ತಾಳೆ ಬಟ್ಟಲಿಗೆ ಬಗ್ಗಿಸಿ ಕೆಂಡದ ಪಕ್ಕ ಇಟ್ಟಳು. ಅಂಗಳದಲ್ಲಿ ಮಣೆ ಹಾಕಿ ಇವರ ಕಡೆ ತಿರುಗಿದಳು.

"ಅಂಗಿ ಬಿಚ್ಚಿ ಕೂತ್ಕಳ್ಲಾ."

ಮೂವತ್ತೊಂಬತ್ತು ವರ್ಷದ ಲೈನ್ ಲೀಡರು ಅಂಗಿ ಬಿಚ್ಚಿ, ಪ್ಯಾಂಟು ಮಡಚಿ, ಮಣೆಯ ಮೇಲೆ ಕೂತರು. ಪಕ್ಕದ ಕಾಟೇಜಿನ ಬೆಂಗಳೂರಿನವರು ಇಣುಕಿ ನೋಡಿ, ಗೋಪಾಲಪ್ಪನನ್ನು ಕರೆದು, ಎಕ್ಸ್‌ಟ್ರಾ ಅಂತ ಬರೆದಿದ್ದೀರಲ್ಲ, ಅದು ಇದೇನಾ ಎಂದು ವಿಚಾರಿಸಿದರು. ಅವನು ಇದು ಪಟ್ಟಿಯಲ್ಲಿರೋದಲ್ಲ ಸಾರ್ ಅಂದ.

ಕನಕಮ್ಮ ಎಣ್ಣೆಗೆ ಬೆರಳಿಟ್ಟು ನೋಡಿದಳು. ಆಮೇಲೆ ಕಾಟೇಜಿನ ಮುಚ್ಚಿದ ಬಾಗಿಲಿನ ಮುಂದೆ ಹೋಗಿ ನಿಂತಳು. ಸೆರಗು ಸರಿ ಮಾಡಿಕೊಂಡಳು.

"ಅಕ್ಕಾ" ಅಂದಳು. "ಎಣ್ಣೆ ಕಾದೈತೆ. ಬಾ."

ಬಾಗಿಲು ತೆರೆಯಲಿಲ್ಲ.

"ಒಬ್ಳೇ ಇಡಕ್ಕೆ ಬರಲ್ಲ ಅಕ್ಕ ಈ ಎಣ್ಣೆ. ಇಬ್ರು ಬೇಕು. ಇನ್ನೊಬ್ರು ಪಕ್ಕದ್ಮನೆಯೋರು ಇಲ್ಲಿ ಯಾರೂ ಇಲ್ಲ."

ಚಿಲಕ ತೆಗೆದ ಸದ್ದಾಯಿತು. ಅತ್ತೆ ಹೊರಗೆ ಬಂದರು. ಕಣ್ಣು, ಮೂಗು ಎಲ್ಲ ಕೆಂಪಗಿತ್ತು. ತಂಗಿಯ ಮುಖವನ್ನು ನೋಡಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ನೇರವಾಗಿ ಮಣೆಯ ಹತ್ತಿರ ಬಂದು ಬಟ್ಟಲಿಗೆ ಕೈ ಅದ್ದಿ, ಮಗನ ನೆತ್ತಿಯ ಮೇಲೆ ಪಟ್ ಎಂದು ಬಡಿದರು. ಕನಕಮ್ಮ ಇನ್ನೊಂದು ಕಡೆಯಿಂದ ಬಡಿದಳು. ಎಣ್ಣೆ ಇಡುವುದೆಂದರೆ ಮೆತ್ತಗೆ ತಟ್ಟುವುದು. ಇದು ಬಟ್ಟೆ ಒಗೆಯುವ ಸದ್ದು. ಇವರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಒಂದು ಸಲವೂ ಸಾಕು ಅನ್ನಲಿಲ್ಲ.

"ಅಷ್ಟು ಎಣ್ಣೆ ಸುರೀತಿಯಲ್ಲೇ, ಕಣ್ಣಿಗಿಳಿಯಲ್ವಾ?" ಅತ್ತೆ ತಂಗಿಗೆ ಆಡಿದ ಮೊದಲ ಮಾತು ಇದು.

"ಇಳೀಲಿ ಬಿಡು. ಅವ್ವ ನಮಗೆ ಇಷ್ಟೇ ಸುರೀತಿರ್ಲಿಲ್ವಾ?"

"ಅವ್ವ ಮೊದ್ಲು ಹಣೆಗಿಟ್ಟು ಆಮ್ಯಾಕೆ ನೆತ್ತಿಗಿಡ್ತಿತ್ತು."

"ಎಲ್ಲಿ? ಮೊದ್ಲು ನೆತ್ತಿಗೇ."

ಅಲ್ಲಿಂದ ಶುರುವಾದ ಜಗಳ ಸೀಗೆಪುಡಿ ಹಾಕಿ ನಾಲ್ಕು ಹಂಡೆ ನೀರು ಸುರಿದರೂ ಮುಗಿಯಲಿಲ್ಲ. ಜಗಳದ ನಡುವೆ ಯಾವಾಗಲೋ ಇಬ್ಬರೂ ಅಳುತ್ತಿದ್ದರು, ಆದರೆ ಜಗಳ ನಿಲ್ಲಿಸಲಿಲ್ಲ. ಮಧ್ಯಾಹ್ನದ ಅಡುಗೆಗೆ ಹೊತ್ತಾಯಿತು. ಮೂರು ಕಾಟೇಜಿನ ಗೆಸ್ಟುಗಳಿಗೆ ಊಟ ಆಗಬೇಕು, ಅಡುಗೆಯವಳು ಅಕ್ಕನ ಜೊತೆ ಹಗ್ಗದ ಮಂಚದ ಮೇಲೆ ಕೂತಿದ್ದಾಳೆ. ಇನ್ನೇನು ಮಾಡುವುದು? ಎರಡು ದಿನ ಒಲೆ ಮುಟ್ಟುವುದಿಲ್ಲವೆಂದು ಬಂದ ನಾನು ಹನ್ನೊಂದು ಜನಕ್ಕೆ ಮುದ್ದೆ ತೊಳಸಿದೆ. ಗೋಪಾಲಪ್ಪ ಸೌದೆ ಮುರಿದುಕೊಟ್ಟ. ನಮ್ಮವರು ಎಣ್ಣೆ ಇನ್ನೂ ಪೂರ್ತಿ ಹೋಗದ ತಲೆಯಲ್ಲಿ ಪಾತ್ರೆ ತೊಳೆದರು. ಯಾರೂ ಹೇಳಿರಲಿಲ್ಲ.

ಅತ್ತೆ ಆವತ್ತು ತಟ್ಟೆಯ ಮುಂದೆ ಕೂತಾಗ ಹೋಟ್ಲು ಅನ್ನಲಿಲ್ಲ. ತಂಗಿಯ ಕೈಯಿಂದ ನೀರು ಇಸಿದುಕೊಂಡು ಕುಡಿದರು.

ಸೋಮವಾರ ಮಧ್ಯಾಹ್ನ ಹೊರಟೆವು. ಕನಕಮ್ಮ ಒಂದು ಡಬ್ಬಿ ಹುಚ್ಚೆಳ್ಳಿನ ಪುಡಿ ಕೊಟ್ಟಳು, ದಿವ್ಯಳ ಕೈಯಲ್ಲಿ ತನ್ನ ಫೋನ್ ನಂಬರು ಬರೆಸಿದಳು. ಅತ್ತೆ ತಂಗಿಯ ಜೊತೆ ಗೇಟಿನವರೆಗೂ ಮಾತಾಡಿದರು. ಮಗನ ಜೊತೆ ಮಾತ್ರ ನಿನ್ನೆಯಿಂದ ಒಂದು ಮಾತೂ ಇಲ್ಲ. "ನಿಮ್ಮಪ್ಪಂಗೆ ಹೇಳು, ಎಸಿ ಕಮ್ಮಿ ಮಾಡಕ್ಕೆ." "ನಿಮ್ಮಪ್ಪಂಗೆ ಹೇಳು, ಗುಂಡಿ ನೋಡ್ಕಂಡು ಓಡ್ಸಕ್ಕೆ." ಎಲ್ಲ ದಿವ್ಯಳ ಮೂಲಕ. ಇನ್ನು ಇದಕ್ಕೆಷ್ಟು ವರ್ಷವೋ ಎಂದುಕೊಂಡೆ.

ಕೆಲಮಂಗಲ ಬಂತು. "ನಿಮ್ಮಪ್ಪಂಗೆ ಹೇಳು, ಇಲ್ಲಿ ನಿಲ್ಸಕ್ಕೆ" ಅಂದರು ಅತ್ತೆ. ಇಳಿದು ಅಂಗಡಿಗೆ ಹೋಗಿ ಒಂದು ಕವಳಿಗೆ ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಅರಿಶಿನ ಕುಂಕುಮದ ಪೊಟ್ಟಣ, ಒಂದು ಸ್ಟೀಲ್ ತಟ್ಟೆ ಕೊಂಡು ತಂದರು. ಸೀಟಿನಲ್ಲಿ ಕೂತು ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ ಮಡಿಲಲ್ಲಿಟ್ಟುಕೊಂಡರು.

"ಇದೆಲ್ಲ ಯಾಕೆ ಅತ್ತೆ?" ಅಂದೆ.

"ಯುಗಾದಿಗೆ ಕನಕನ್ನ ಕರೀಬೇಕು. ಅವ್ವ ಹೋದ್ಮ್ಯಾಲೆ ಅವಳಿಗೆ ತವರು ಅಂತ ಎಲ್ಲೈತೆ? ನಮ್ಮನೆ ತಾನೆ. ಆರು ವರ್ಷದಿಂದ ಒಂದು ಹಬ್ಬಕ್ಕೂ ತವರಿನ ಕರೆ ಇಲ್ಲ ಅವಳಿಗೆ."

"ಈಗ ತಾನೆ ಅಲ್ಲೇ ಇದ್ವಲ್ಲ ಅಜ್ಜಿ" ಅಂದಳು ದಿವ್ಯ. "ನಂಬರ್ ಐತೆ, ಫೋನಲ್ಲೇ ಹೇಳ್ಬೋದಲ್ಲ?"

ಅತ್ತೆ ಡ್ರೈವರ್ ಸೀಟಿನ ಹಿಂಭಾಗವನ್ನು ನೋಡುತ್ತಾ, "ನಿಮ್ಮಪ್ಪಂಗೆ ಹೇಳು..." ಎಂದು ಶುರು ಮಾಡಿದರು.

ದಿವ್ಯ ಹೇಳಬೇಕಾಗಿ ಬರಲಿಲ್ಲ. ಇವರು ಆಗಲೇ ಇಂಡಿಕೇಟರ್ ಹಾಕಿ ಕಾರನ್ನು ಡೆಂಕಣಿಕೋಟೆಯ ಕಡೆಗೆ ತಿರುಗಿಸಿದ್ದರು.